ಊದಿದ ಗಂಟಿಗೆ ಹರಳೆಣ್ಣೆ: ಕೆಲಸ ಎಣ್ಣೆಯದೋ, ಶಾಖದ್ದೋ?

ಗಂಟಲು ಕೆಟ್ಟಾಗ ದವಡೆಯ ಕೆಳಗೆ, ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಂಟು ಊದಿದರೆ ಹರಳೆಣ್ಣೆ ಹಚ್ಚಿ ಶಾಖ ಕೊಡುವುದು ಹಳೆಯ ರೂಢಿ. ಇವು ದುಗ್ಧರಸ ಗ್ರಂಥಿಗಳು. ಹತ್ತಿರದ ಸೋಂಕಿನೊಡನೆ ಸೆಣಸುವಾಗ ಊದುತ್ತವೆ, ಸೋಂಕು ಇಳಿದ ಮೇಲೆ ಬಹುಪಾಲು ತಾವೇ ಕುಗ್ಗುತ್ತವೆ. ಎಣ್ಣೆ ಸಂಪಾದಿಸಿದ ಒಳ್ಳೆ ಹೆಸರಿನಲ್ಲಿ ಅರ್ಧ ಹೀಗೆ ಬಂದದ್ದು.

ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು 90% ರಿಸಿನೋಲಿಕ್ ಆಮ್ಲ. ಆದರೆ ಅದು ಬಿಡಿಯಾಗಿಲ್ಲ, ಗ್ಲಿಸರಾಲ್‌ಗೆ ಮೂರು ಮೂರಾಗಿ ಅಂಟಿಕೊಂಡಿದೆ. ಕುಡಿದರೆ ಕರುಳಿನ ಕಿಣ್ವ ಅದನ್ನು ಬಿಡಿಸುತ್ತದೆ. ಬಿಡಿಯಾದ ಆಮ್ಲ ಇಪಿ3 ಎಂಬ ಗ್ರಾಹಕದ (ಜೀವಕೋಶದ ಮೇಲೆ ರಾಸಾಯನಿಕ ಸಂಕೇತ ಹಿಡಿಯುವ ಪ್ರೋಟೀನು) ಮೂಲಕ ಭೇದಿ ಮಾಡಿಸುತ್ತದೆಂದು 2012ರಲ್ಲಿ ಇಲಿಗಳಲ್ಲಿ ತೋರಿಸಿದರು. ಚರ್ಮದ ಮೇಲಿನ ಕತೆಯೇ ಬೇರೆ. ಅಂಟಿಕೊಂಡ ಅಣುವಿನ ತೂಕ 930 ಡಾಲ್ಟನ್ (ಅಣುಗಳ ತೂಕದ ಅಳತೆ) ದಾಟುತ್ತದೆ, 500 ದಾಟಿದ ಅಣು ಗಾಯವಿಲ್ಲದ ಚರ್ಮದೊಳಗೆ ಇಳಿಯುವುದೇ ಕಷ್ಟ. ಬಿಡಿ ಆಮ್ಲ ಹಚ್ಚಿದಾಗ ಪ್ರಾಣಿಗಳಲ್ಲಿ ಊತ ತಗ್ಗಿದ ಪ್ರಯೋಗಗಳಿವೆ ನಿಜ, ಅದನ್ನು ಬಾಟಲಿ ಎಣ್ಣೆಯ ಲೆಕ್ಕಕ್ಕೆ ಬರೆಯಬಾರದು. ಹಾಗಾಗಿ ಸಿಗುವ ಹಿತವನ್ನು ಬಿಸಿಯ ಖಾತೆಗೇ ಹಾಕುವುದು ನ್ಯಾಯ. ಎಣ್ಣೆ ಬಟ್ಟೆಯ ಬಿಸಿ ಬೇಗ ಆರದಂತೆ ನೋಡಿಕೊಳ್ಳುತ್ತದೆ, ಅಷ್ಟೇ.

ಮಾಡುವುದಾದರೆ ಹೀಗೆ: ಮೊದಲು ಮುಂಗೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ಕಾಯಿರಿ, ಕೆಲವರಿಗೆ ತುರಿಕೆ ಏಳುತ್ತದೆ. ನಾಲ್ಕು ಮಡಿಕೆಯ ಹಳೆ ಹತ್ತಿ ಬಟ್ಟೆಗೆ ಎರಡು ಟೀ ಚಮಚ ಎಣ್ಣೆ ಹೀರಿಸಿ ಗಂಟಿನ ಮೇಲಿಡಿ, ಮೇಲೊಂದು ಒಣ ಬಟ್ಟೆ, ಅದರ ಮೇಲೆ ಬಿಸಿನೀರಿನ ಚೀಲ. ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಎಣ್ಣೆಯನ್ನೇ ಒಲೆ ಮೇಲೆ ಕಾಯಿಸಿ ಸುರಿಯಬೇಡಿ. ಮಂದವಾದ್ದರಿಂದ ಜಾರದೆ ಅಂಟಿಕೊಂಡು ಬೊಬ್ಬೆ ಎಬ್ಬಿಸುತ್ತದೆ. ತಿಕ್ಕುವುದೂ ಬೇಡ, ನೊಂದ ಗಂಟು ಇನ್ನಷ್ಟು ನೋಯುತ್ತದೆ. ಘಾಟು ಬರಲೆಂದು ಕರ್ಪೂರ, ನೀಲಗಿರಿ ಎಣ್ಣೆ ಬೆರೆಸುವವರಿದ್ದಾರೆ. ಎರಡೂ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು, ಮಕ್ಕಳಿರುವ ಮನೆಯಲ್ಲಿ ಆ ಮಿಶ್ರಣವೇ ಬೇಡ.

ಚರ್ಮ ಕೆಂಪಾಗಿ ಸುಡುತ್ತಿದ್ದರೆ, ಜ್ವರವಿದ್ದರೆ ಒಳಗೆ ಕೀವು ಕಟ್ಟಿರಬಹುದು, ಎಣ್ಣೆ ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ. ಕಲ್ಲಿನಂತೆ ಗಟ್ಟಿಯಾದ ಗಂಟು, ಕಾಲರ್ ಮೂಳೆಯ ಮೇಲಿನದು, ಮೂರು ನಾಲ್ಕು ವಾರವಾದರೂ ಇಳಿಯದ್ದು, ಜೊತೆಗೆ ತೂಕ ಇಳಿಯುವುದು, ರಾತ್ರಿ ಬೆವರು: ಇವುಗಳಿಗೆ ಸೂಜಿ ಹಾಕಿ ತೆಗೆದ ಮಾದರಿಯ ಪರೀಕ್ಷೆ ಬೇಕು. ಹಳಬರು ಗಂಡಮಾಲೆ ಎಂದದ್ದರಲ್ಲಿ ಹಲವು ಕ್ಷಯದ ಗಂಟುಗಳೇ. ಅವಕ್ಕೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.