42 ನಿಮಿಷದ ಒಂದು ಕಾಲ್

ಕಸ್ಟಮರ್ ಸಪೋರ್ಟ್ ಟೀಮ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದು 11 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಎಷ್ಟೋ ಜನರಿಗೆ ರೇಟಿಂಗ್ ಕೊಟ್ಟಿದ್ದೇನೆ. ಅದರಲ್ಲಿ ಒಂದು ಇವತ್ತಿಗೂ ಮನಸ್ಸನ್ನು ಚುಚ್ಚುತ್ತದೆ.

ಆಗ ನಾನಿದ್ದ ಕಂಪನಿ ವರ್ಷದ ಶುರುವಿನಲ್ಲೇ ದಾರಿ ಬದಲಿಸಿತ್ತು. ಹೊಸ ಗ್ರಾಹಕರ ಹಿಂದೆ ಓಡಿದ್ದು ಸಾಕು, ಇರುವವರನ್ನು ಉಳಿಸಿಕೊಳ್ಳೋಣ ಅನ್ನುವುದು ಹೊಸ ಸ್ಟ್ರಾಟಜಿ. ಲೆಕ್ಕ ಸರಿಯಾಗಿಯೇ ಇತ್ತು. ತಿಂಗಳ ಚಂದಾ ಮೇಲೆ ನಡೆಯುವ ವ್ಯಾಪಾರದಲ್ಲಿ ಗ್ರಾಹಕರು ಬೇಗ ಬಿಟ್ಟು ಹೋದರೆ, ಅವರನ್ನು ಕರೆತರಲು ಮಾಡಿದ ಖರ್ಚೇ ಹುಟ್ಟುವುದಿಲ್ಲ. ದೊಡ್ಡ ಮೀಟಿಂಗ್ ಆಯಿತು. ಗೋಡೆಗೆ ‘ಗ್ರಾಹಕರೇ ಮೊದಲು’ ಅನ್ನುವ ಪೋಸ್ಟರ್ ಬಂತು. ನಾನು ಅದನ್ನು ಮನಸಾರೆ ನಂಬಿದ್ದೆ.

ಅದೇ ಗೋಡೆಯ ಮೇಲೆ ಒಂದು ದೊಡ್ಡ ಸ್ಕ್ರೀನ್ ಕೂಡ ಇತ್ತು. ಯಾರು ಎಷ್ಟು ಹೊತ್ತಿನಿಂದ ಕಾಲ್‌ನಲ್ಲಿದ್ದಾರೆ ಅಂತ ಹೆಸರಿನ ಮುಂದೆ ತೋರಿಸುತ್ತಿತ್ತು. 6 ನಿಮಿಷ ದಾಟಿದರೆ ಹೆಸರು ಕೆಂಪಾಗುತ್ತಿತ್ತು. ವರ್ಷದ ಕೆಲಸಕ್ಕೆ ಅಂಕ ಹಾಕುವ ಗೋಲ್ ಶೀಟ್‌ನಲ್ಲಿ 100ಕ್ಕೆ 40 ಅಂಕ ಸರಾಸರಿ ಕಾಲ್ ಸಮಯಕ್ಕೆ, 30 ಅಂಕ ದಿನಕ್ಕೆ ಎಷ್ಟು ಕಾಲ್ ತೆಗೆದುಕೊಂಡಿರಿ ಅನ್ನುವುದಕ್ಕೆ. ಸ್ಟ್ರಾಟಜಿ ಬದಲಾದರೂ ಆ ಶೀಟನ್ನು ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ.

5 ನಿಮಿಷ ದಾಟಿತು ಅಂದರೆ ಮಾತಿನ ಧಾಟಿಯೇ ಬದಲಾಗುತ್ತಿತ್ತು. ಕಣ್ಣು ಸ್ಕ್ರೀನ್ ಕಡೆ ಹೋಗುತ್ತಿತ್ತು. "ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ ಸರ್, ಆಗದಿದ್ರೆ ಮತ್ತೆ ಕಾಲ್ ಮಾಡಿ." ಅದು ರೀಸ್ಟಾರ್ಟ್‌ಗೆ ಸರಿಹೋಗುವ ತೊಂದರೆ ಅಲ್ಲ ಅಂತ ಹೇಳುವವರಿಗೇ ಗೊತ್ತಿರುತ್ತಿತ್ತು. ಕೆಲವರು ಸುಮ್ನೆ ಬೇರೆ ಟೀಮ್‌ಗೆ ಟ್ರಾನ್ಸ್‌ಫರ್ ಮಾಡಿಬಿಡುತ್ತಿದ್ದರು. ಅದೇ ಗ್ರಾಹಕರು ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿದರೆ ಅದು ಹೊಸ ಕಾಲ್, ಇನ್ನೊಬ್ಬರ ತಲೆಗೆ. ಇವರನ್ನು ಮೋಸಗಾರರು ಅಂತ ನಾನು ಅನ್ನುವುದಿಲ್ಲ. ಸಂಬಳ ಎಷ್ಟು ಏರಬೇಕು ಅನ್ನುವುದು ಆ ಅಂಕದ ಮೇಲೇ ನಿಂತಿತ್ತು.

ನನ್ನ ಟೀಮಿನ ಒಬ್ಬರು ಮಾತ್ರ ಹೀಗೆ ಮಾಡುತ್ತಿರಲಿಲ್ಲ. ಒಂದು ದಿನ ಅವರು ಒಂದೇ ಕಾಲ್‌ನಲ್ಲಿ 42 ನಿಮಿಷ ಕೂತರು. ಫೋನ್ ಮಾಡಿದ್ದವರಿಗೆ ಮೂರು ತಿಂಗಳಿಂದ ಎರಡೆರಡು ಬಿಲ್ ಬರುತ್ತಿತ್ತು. ಅದು ಅವರ ನಾಲ್ಕನೇ ಕಾಲ್. ಚಂದಾ ನಿಲ್ಲಿಸಿ ಅಂತಲೇ ಮಾತು ಶುರು ಮಾಡಿದ್ದರು. ಇವರು ಹಳೆಯ ಮೂರೂ ಟಿಕೆಟ್, ಅಂದರೆ ಹಿಂದಿನ ಕಾಲ್‌ಗಳ ದಾಖಲೆ, ತೆರೆದು ಓದಿದರು. ಪ್ಲಾನ್ ಬದಲಿಸಿದಾಗ ಹಳೆಯ ಪ್ಲಾನ್ ಮುಚ್ಚಿಯೇ ಇರಲಿಲ್ಲ. ಇನ್ನೊಂದು ಲೈನ್‌ನಲ್ಲಿ ಬಿಲ್ಲಿಂಗ್‌ನವರನ್ನು ಹಿಡಿದು, ಅದು ಮುಚ್ಚುವವರೆಗೂ ಗ್ರಾಹಕರ ಜೊತೆಗೇ ಇದ್ದರು. ಗ್ರಾಹಕರು ಉಳಿದುಕೊಂಡರು. ಕಂಪನಿ ಬಯಸಿದ್ದು ಇದನ್ನೇ ಅಲ್ವಾ?

ವರ್ಷದ ಕೊನೆಯಲ್ಲಿ ಅವರಿಗೆ ನಾನು ಕೊಟ್ಟ ರೇಟಿಂಗ್ 5ಕ್ಕೆ 2. ಕಾಲ್ ಸಮಯ ಜಾಸ್ತಿ ಅಂತ ಕಾರಣ ಬರೆದೆ. ಅವರು ಜಗಳ ಮಾಡಲಿಲ್ಲ. "ಹಾಗಾದ್ರೆ ಆ ಕಾಲನ್ನ ಮಧ್ಯದಲ್ಲೇ ಬಿಡಬೇಕಿತ್ತಾ ಮೇಡಂ?" ಅಂತ ಕೇಳಿದರು, ಅಷ್ಟೇ. ಎರಡು ತಿಂಗಳಲ್ಲಿ ಕೆಲಸ ಬಿಟ್ಟರು.

ಆಮೇಲೆ ಇದರ ಬಗ್ಗೆ ಹುಡುಕಿ ಹುಡುಕಿ ಓದಿದೆ. ಸ್ಟೀವನ್ ಕೆರ್ ಅನ್ನುವ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರು 1975ರಲ್ಲೇ ಈ ತಪ್ಪಿನ ಬಗ್ಗೆ ಒಂದು ಲೇಖನ ಬರೆದಿದ್ದಾರೆ. ಬಹುಮಾನ ಒಂದಕ್ಕೆ ಕೊಟ್ಟು, ಜನ ಇನ್ನೊಂದನ್ನು ಮಾಡಲಿ ಅಂತ ಕಾಯುವ ತಪ್ಪು. ಚೆನ್ನಾಗಿ ಪಾಠ ಮಾಡಲಿ ಅಂತ ಬಯಸುವ ವಿಶ್ವವಿದ್ಯಾಲಯಗಳು ಬಡ್ತಿ ಕೊಡುವುದು ಸಂಶೋಧನೆ ನೋಡಿ, ಅನ್ನುವುದು ಅವರ ಒಂದು ಉದಾಹರಣೆ. ಈ ತಪ್ಪು ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಇದೆ. ಒಬ್ಬೊಬ್ಬ ಗ್ರಾಹಕರಿಗೆ 8 ಸೇವೆ ಮಾರಬೇಕು ಅನ್ನುವ ಗುರಿ ಇತ್ತು. ಗುರಿ ಮುಟ್ಟಲು ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೇ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ಜನ ಕೆಲಸ ಕಳೆದುಕೊಂಡಿದ್ದರು.

ನನಗೆ ಧೈರ್ಯ ಕೊಟ್ಟ ಕಥೆ ಮಾತ್ರ ಬೇರೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆ ಇತ್ತು. ಕೆಟ್ಟ ಕಾರು, ಕೆಲಸಕ್ಕೇ ಬಾರದ ಜನ ಅಂತ ಹೆಸರು ಕೆಡಿಸಿಕೊಂಡು 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದನ್ನೇ ಮತ್ತೆ ತೆರೆದರು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಬಹುಪಾಲು ಅದೇ ಹಳೆಯ ಜನ. ಈ ಸಲ ಪ್ರತಿಯೊಬ್ಬರ ಕೈಗೆ ಎಟುಕುವಂತೆ ಒಂದು ಹಗ್ಗ ಇತ್ತು. ತಪ್ಪು ಕಂಡರೆ ಅದನ್ನು ಎಳೆಯಬೇಕು. ಎಳೆದ ಕೂಡಲೇ ಟೀಮ್ ಲೀಡರ್ ಓಡಿ ಬರುತ್ತಿದ್ದರು, ಬೈಯಲು ಅಲ್ಲ, ಸಹಾಯಕ್ಕೆ. ಬೇಕಾದರೆ ಇಡೀ ಲೈನ್ ನಿಲ್ಲುತ್ತಿತ್ತು. ಸ್ವಲ್ಪ ಸಮಯದಲ್ಲೇ ಆ ಕಾರ್ಖಾನೆ ಗುಣಮಟ್ಟಕ್ಕೆ ಹೆಸರಾಯಿತು. ಜನ ಅವರೇ. ಹಗ್ಗ ಎಳೆದ ಮೇಲೆ ಏನಾಗುತ್ತದೆ ಅನ್ನುವುದು ಬೇರೆಯಾಗಿತ್ತು.

ನಮ್ಮಲ್ಲಿ ಕೈ ಎತ್ತಿದವರ ಹೆಸರು ಕೆಂಪಾಗುತ್ತಿತ್ತು.

ಮುಂದಿನ ವರ್ಷ ನಾನು ಬರೀ ಅನಿಸಿಕೆ ಹಿಡಿದುಕೊಂಡು ಮೇಲಿನವರ ಹತ್ತಿರ ಹೋಗಲಿಲ್ಲ. ಬೇಗ ಮುಗಿದಿದ್ದ 200 ಕಾಲ್‌ಗಳನ್ನು ಕೂತು ಕೇಳಿದೆ. ಅದರಲ್ಲಿ 61 ಜನ 7 ದಿನದೊಳಗೆ ಅದೇ ತೊಂದರೆಗೆ ಮತ್ತೆ ಫೋನ್ ಮಾಡಿದ್ದರು. ನಾವು ಬಹುಮಾನ ಕೊಡುತ್ತಿದ್ದ ವೇಗದಿಂದ ನಮಗೇ ಕೆಲಸ ಹೆಚ್ಚಾಗುತ್ತಿತ್ತು. ಅದನ್ನು ತೋರಿಸಿದ ಮೇಲೆ ಶೀಟ್ ಬದಲಾಯಿತು. ಕಾಲ್ ಸಮಯವನ್ನು ಪೂರ್ತಿ ಬಿಡಲು ಆಗುವುದಿಲ್ಲ, ಯಾವ ಹೊತ್ತಿಗೆ ಎಷ್ಟು ಜನ ಬೇಕು ಅಂತ ಶಿಫ್ಟ್ ಹಾಕಲು ಅದು ಬೇಕೇ ಬೇಕು. ಅಷ್ಟಕ್ಕೆ ಮಾತ್ರ ಇಟ್ಟುಕೊಂಡೆವು. ರೇಟಿಂಗ್‌ಗೆ, 7 ದಿನದೊಳಗೆ ಮತ್ತೆ ಬರುವ ಕಾಲ್‌ಗಳ ಲೆಕ್ಕ ತಂದೆವು. ಅದನ್ನೂ ಒಬ್ಬೊಬ್ಬರಿಗೆ ಹಾಕಲಿಲ್ಲ, ಇಡೀ ಟೀಮ್‌ಗೆ ಹಾಕಿದೆವು. ಇಲ್ಲದಿದ್ದರೆ ಕಷ್ಟದ ಕಾಲ್‌ಗಳಿಂದ ಎಲ್ಲರೂ ತಪ್ಪಿಸಿಕೊಳ್ಳುತ್ತಿದ್ದರು.

ಶೀಟ್ ಬದಲಿಸಲು ಒಂದು ತಿಂಗಳು ಸಾಕಾಯಿತು. ಜನರ ಭಯ ಹೋಗಲು ಜಾಸ್ತಿ ಸಮಯ ಬೇಕಾಯಿತು. ಸೋಮವಾರದ ಮೀಟಿಂಗ್‌ನಲ್ಲಿ "ಯಾರದು ಸಮಯ ಜಾಸ್ತಿ ಆಗಿದೆ?" ಅಂತ ಶುರು ಮಾಡುತ್ತಿದ್ದ ನಾನು, "ಈ ವಾರ ಯಾವ ಕಾಲ್ ಕಷ್ಟ ಆಯಿತು?" ಅಂತ ಕೇಳತೊಡಗಿದೆ. ಮೂರು ವಾರ ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರೂ ಟೇಬಲ್ ನೋಡುತ್ತಾ ಕೂತಿದ್ದರು. ನಾಲ್ಕನೇ ವಾರ ಹೊಸದಾಗಿ ಸೇರಿದ್ದ ಹುಡುಗ, 35 ನಿಮಿಷ ಕೂತರೂ ಬಗೆಹರಿಯಲಿಲ್ಲ ಅಂತ ಒಂದು ಕಾಲ್ ಬಗ್ಗೆ ಹೇಳಿದ. ಕೂಡಲೇ ಎಲ್ಲರೂ ನನ್ನ ಮುಖ ನೋಡಿದರು. ನಾನು ಆ ಟಿಕೆಟ್ ತೆರೆದು ಅವನ ಪಕ್ಕ ಕೂತೆ. ಇನ್ನಿಬ್ಬರು ಕುರ್ಚಿ ಎಳೆದುಕೊಂಡು ಬಂದರು. ಕಲ್ಚರ್ ಬದಲಾಗುವುದನ್ನು ನಾನು ಕಣ್ಣಾರೆ ನೋಡಿದ್ದು ಆವತ್ತೇ.

ಆ ಹಳೆಯ ರೇಟಿಂಗ್ ತಿದ್ದಬಹುದಾ ಅಂತ ಎಚ್‌ಆರ್‌ನವರನ್ನು ಕೇಳಿದೆ. ಆಗುವುದಿಲ್ಲ, ವರ್ಷ ಮುಗಿದಿದೆ ಅಂದರು. ಕೆಲಸ ಬಿಟ್ಟು ಹೋಗಿದ್ದ ಅವರಿಗೆ ನಾನೇ ಒಂದು ಪತ್ರ ಬರೆದೆ. ತಪ್ಪು ನನ್ನದು, ನೀವು ಮಾಡಿದ್ದೇ ಸರಿ ಅಂತ ನೇರವಾಗಿ ಹೇಳಿದೆ. ನಾಲ್ಕು ದಿನದ ಮೇಲೆ ಉತ್ತರ ಬಂತು. ಥ್ಯಾಂಕ್ಸ್ ಅಂತ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರು. ಆ ಎರಡು ಬಿಲ್‌ನ ಗ್ರಾಹಕರು ಇನ್ನೂ ಇದ್ದಾರಾ?

ತೆಗೆದು ನೋಡಿದೆ. ಇದ್ದರು.