ನಾರ್ಫೋಕ್‌ನ ಮುಖಗಳು, ಪಂಜಾಬಿನ ರಾಜಕುಮಾರ

ಕೇಂಬ್ರಿಡ್ಜ್‌ನಲ್ಲಿರುವ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದಾಗ, ಮಗನೂ ಸೊಸೆಯೂ ಕೆಲಸಕ್ಕೆ ಹೊರಟುಹೋದ ಒಂದು ಗುರುವಾರ, ನಾನೊಬ್ಬನೇ ನಾರಿಚ್ ಕಡೆಯ ರೈಲು ಹತ್ತಿ ಥೆಟ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಇಳಿದೆ. ಇತಿಹಾಸದ ಮೇಷ್ಟ್ರಾಗಿ ಮೂವತ್ತು ವರ್ಷ ದುಡಿದವನಿಗೆ ಅಲ್ಲಿ ನೋಡಬೇಕಾಗಿದ್ದದ್ದು ಒಂದೇ: ನಾರ್ಫೋಕ್ ಕೌಂಟಿಯ ಹಳೆಯ ಕಾಲದ ಜನರ ಭಾವಚಿತ್ರಗಳನ್ನು ಮನೆಮನೆಗೆ ಹೋಗಿ ಹುಡುಕಿ ಬರೆದಿಟ್ಟ ಒಬ್ಬ ಪಂಜಾಬಿ ರಾಜಕುಮಾರನ ಜಾಡು.

ಮ್ಯೂಸಿಯಂ ಬಾಗಿಲು ತೆರೆಯಲು ಇನ್ನೂ ಹೊತ್ತಿದ್ದುದರಿಂದ ಊರೊಳಗೆ ಒಂದು ಸುತ್ತು ಹಾಕಿದೆ. ನದಿಯ ನಡುವಿನ ಬಟನ್ ಐಲೆಂಡ್ ಎಂಬ ದಿಬ್ಬದ ಮೇಲೆ ಮಹಾರಾಜ ದುಲೀಪ್ ಸಿಂಗ್ ಕುದುರೆಯೇರಿ ಕುಳಿತಿದ್ದಾನೆ. 1999ರಲ್ಲಿ ಅನಾವರಣಗೊಂಡ ಕಂಚಿನ ಪ್ರತಿಮೆ ಅದು. ಪಂಜಾಬನ್ನು ಕಂಪನಿಯವರು 1849ರಲ್ಲಿ ವಶಪಡಿಸಿಕೊಂಡಾಗ ಹತ್ತು ವರ್ಷದ ಹುಡುಗನಾಗಿದ್ದ ಈತ, ರಾಜ್ಯವನ್ನೂ ಕೊಹಿನೂರನ್ನೂ ಬಿಟ್ಟುಕೊಟ್ಟು, 1854ರಲ್ಲಿ ಇಂಗ್ಲೆಂಡಿಗೆ ಬಂದು, 1863ರಲ್ಲಿ ಇಲ್ಲಿಂದ ನಾಲ್ಕು ಮೈಲಿ ದೂರದ ಎಲ್ವೆಡನ್ ಎಂಬಲ್ಲಿ 17,000 ಎಕರೆಯ ಜಮೀನನ್ನು ಕೊಂಡು ನೆಲೆಸಿದ. ಇಂಗ್ಲೆಂಡಿಗೆ ಬಂದ ವರ್ಷವೇ ವಿಕ್ಟೋರಿಯಾ ರಾಣಿ ಅವನ ಚಿತ್ರವನ್ನು ವಿಂಟರ್‌ಹಾಲ್ಟರ್ ಎಂಬ ಕಲಾವಿದನಿಂದ ಬರೆಸಿದಳು. ಚಿತ್ರಕ್ಕೆ ನಿಲ್ಲುತ್ತಿದ್ದ ದಿನಗಳಲ್ಲಿಯೇ ಕೊಹಿನೂರನ್ನು ತರಿಸಿ ಅವನ ಕೈಗೆ ಕೊಡಲಾಯಿತು, ಅವನು ನೋಡಿ ಅದನ್ನು ರಾಣಿಯ ಕೈಗೇ ಹಿಂದಿರುಗಿಸಿದ. ಭಾವಚಿತ್ರದ ಹಿಂದೆ ಎಷ್ಟೆಲ್ಲ ನಡೆದಿರುತ್ತದೆ ಎಂಬುದನ್ನು ಆ ಮನೆತನದವರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಆ ದುಲೀಪ್ ಸಿಂಗನ ಎರಡನೆಯ ಮಗ ಫ್ರೆಡರಿಕ್. 1868ರಲ್ಲಿ ಹುಟ್ಟಿ, ಈಟನ್‌ನಲ್ಲಿ, ಆಮೇಲೆ ಕೇಂಬ್ರಿಡ್ಜ್‌ನಲ್ಲಿ ಓದಿ, 1909ರಿಂದ ಬ್ಲೋ ನಾರ್ಟನ್ ಎಂಬ ಹಳ್ಳಿಯ ಹಳೆಯ ಮನೆಯಲ್ಲಿ ಮದುವೆಯಿಲ್ಲದೆ ಬದುಕಿದವನು. ಸ್ಟುವರ್ಟ್ ರಾಜರ ಮೇಲೆ ಅವನಿಗೆ ಎಷ್ಟು ಅಭಿಮಾನವೆಂದರೆ, ಅವರಲ್ಲೊಬ್ಬನ ತಲೆ ಕಡಿಸಿದ ಕ್ರಾಮ್‌ವೆಲ್‌ನ ಚಿತ್ರವನ್ನು ಶೌಚಾಲಯದಲ್ಲಿ ತಲೆಕೆಳಗಾಗಿ ತೂಗುಹಾಕಿದ್ದನೆಂದು ಹೇಳುತ್ತಾರೆ. (ಈ ಊರಿನಲ್ಲೇ ಹುಟ್ಟಿದ ಥಾಮಸ್ ಪೇನ್‌ನ ಹೊಂಬಣ್ಣದ ಪ್ರತಿಮೆಯೂ ತನ್ನ ಪುಸ್ತಕವನ್ನು ತಲೆಕೆಳಗಾಗಿಯೇ ಹಿಡಿದಿದೆ. ಥೆಟ್‌ಫರ್ಡಿಗೂ ತಲೆಕೆಳಗಿಗೂ ಏನೋ ಋಣಾನುಬಂಧವಿರಬೇಕು.)

ವೈಟ್ ಹಾರ್ಟ್ ಬೀದಿಯ ಏನ್ಷಿಯಂಟ್ ಹೌಸ್ ಸುಮಾರು 1490ರಲ್ಲಿ ಕಟ್ಟಿದ ವ್ಯಾಪಾರಿಯ ಮನೆ. ಫ್ರೆಡರಿಕ್ ಅದನ್ನು ಊರಿಗೆ ದಾನವಾಗಿ ಕೊಟ್ಟ. 1924ರಲ್ಲಿ ಅದು ಮ್ಯೂಸಿಯಂ ಆಯಿತು. ಓಕ್ ಮರದ ತೊಲೆಗಳ ಕೆತ್ತನೆಯನ್ನು ನೋಡಲು ನಾನು ಕತ್ತೆತ್ತಿ ನಿಂತಿದ್ದಾಗ, ಅಲ್ಲಿ ಸ್ವಯಂಸೇವಕಿಯಾಗಿದ್ದ ವಯಸ್ಸಾದ ಹೆಂಗಸೊಬ್ಬರು ನಾನು ಪಂಜಾಬಿನವನೇ ಎಂದು ವಿಚಾರಿಸಿದರು. ಸಿಖ್ಖರು ದೂರದೂರದಿಂದ ಈ ಊರಿಗೂ ಎಲ್ವೆಡನ್‌ನ ಸಮಾಧಿಗೂ ಬರುತ್ತಾರಾದ್ದರಿಂದ ಅವರ ಊಹೆ ತಪ್ಪೇನೂ ಆಗಿರಲಿಲ್ಲ. ನಾನು ಮೈಸೂರು ಸೀಮೆಯವನೆಂದೂ, ಪಂಜಾಬಿಗೆ ಹೋಗಬೇಕಾದರೆ ನನಗೂ ಎರಡು ದಿನದ ರೈಲು ಪ್ರಯಾಣವೆಂದೂ ಹೇಳಿದಾಗ ಅವರು ನಕ್ಕು, ಹಾಗಿದ್ದರೆ ನಾನು ಬಂದದ್ದು ಚಿತ್ರಗಳಿಗಾಗಿಯೇ ಇರಬೇಕೆಂದರು.

ಆ ದಿನ ನಾನು ಹೆಚ್ಚು ಹೊತ್ತು ನಿಂತದ್ದು ಮರದ ಹಲಗೆಯ ಮೇಲೆ ಬರೆದ ಒಂದು ಸಣ್ಣ ಚಿತ್ರದ ಮುಂದೆ. ಕಪ್ಪು ಉಡುಪು, ಕತ್ತಿನ ಸುತ್ತ ಗಂಜಿ ಹಾಕಿ ಮಡಿಕೆ ಮಡಿಕೆಯಾಗಿ ನಿಲ್ಲಿಸಿದ ಬಿಳಿಯ ಪಟ್ಟಿ, ಅದರ ಮೇಲೆ ತಟ್ಟೆಯಲ್ಲಿಟ್ಟಂತೆ ಒಬ್ಬ ಹೆಂಗಸಿನ ಮುಖ. ಕಲಾವಿದ ಅಷ್ಟೇನೂ ನಿಪುಣನಲ್ಲ; ಕೈಬೆರಳುಗಳು ನುಗ್ಗೆಕಾಯಿಯಂತಿವೆ. ಆದರೆ ಕೆಳತುಟಿಯನ್ನು ಒಳಗೆ ಕಚ್ಚಿ ಹಿಡಿದ ಆ ಬಿಗಿಯನ್ನು ಅವನು ನೋಡಿ ಬರೆದಿದ್ದಾನೆ. ಹೆಸರಿನ ಜಾಗದಲ್ಲಿ, ಯಾರೆಂದು ತಿಳಿಯದು ಎಂದಷ್ಟೇ ಇತ್ತು.

ಹೆಸರು ಕಳೆದುಹೋಗುವ ಬಗೆ ಸರಳವಾದದ್ದು. ಚಿತ್ರ ಮನೆಯಲ್ಲಿರುವವರೆಗೆ, ಇವಳು ನಮ್ಮ ಮುತ್ತಜ್ಜಿಯ ತಾಯಿ ಎಂದು ಹೇಳುವವರು ಯಾರಾದರೂ ಇರುತ್ತಾರೆ. ಬರೆದಿಡಬೇಕೆಂದು ಯಾರಿಗೂ ತೋರುವುದಿಲ್ಲ. 1870ರ ದಶಕದಿಂದ ಧಾನ್ಯದ ಬೆಲೆ ಕುಸಿದು, ಅದರ ಮೇಲೆ ವಾರಸುದಾರರ ತೆರಿಗೆಯೂ ಬಿದ್ದು, ಮಹಾಯುದ್ಧದಲ್ಲಿ ಗಂಡುಮಕ್ಕಳೂ ಹೋದ ಮೇಲೆ ಜಮೀನ್ದಾರರ ಮನೆಗಳು ಒಂದೊಂದಾಗಿ ಹರಾಜಿಗೆ ಬಂದವು. ಗೋಡೆಯಿಂದ ಇಳಿದು ಗಾಡಿ ಹತ್ತಿದ ದಿನವೇ ಆ ಹೆಂಗಸು ಅನಾಮಿಕಳಾದಳು. ಫ್ರೆಡರಿಕ್ ಇದನ್ನು ಕಣ್ಣಾರೆ ಕಂಡವನು. ಕೈಗೆ ಸಿಕ್ಕ ಸ್ಥಳೀಯರ ಚಿತ್ರಗಳನ್ನು ಕೊಂಡು ಕೂಡಿಹಾಕಿದ; ಕೊಳ್ಳಲಾಗದವನ್ನು ಬರೆದಿಟ್ಟ. ಅರ್ಧ ದೇಹವೋ ಪೂರ್ಣವೋ, ಮುಖ ಯಾವ ಕಡೆಗೆ ತಿರುಗಿದೆ, ಕೂದಲಿನ ಬಣ್ಣ ಯಾವುದು, ಕಣ್ಣಿನದು ಯಾವುದು, ಉಡುಪು ಎಂಥದು, ಯಾರ ಮಗಳು, ಯಾರ ಹೆಂಡತಿ. ಅವನು 1926ರಲ್ಲಿ ತೀರಿಕೊಂಡ ಮೇಲೆ, ಎಡ್ಮಂಡ್ ಫಾರರ್ ಎಂಬ ಪಾದ್ರಿ ಆ ಟಿಪ್ಪಣಿಗಳನ್ನು ಸಂಪಾದಿಸಿ 1928ರಲ್ಲಿ ಎರಡು ಸಂಪುಟಗಳಾಗಿ ಹೊರತಂದ.

ನನಗೆ ಆಗ ನೆನಪಾದವರು ಬಿ. ಎಲ್. ರೈಸ್. ಬೆಂಗಳೂರಿನಲ್ಲಿ ಹುಟ್ಟಿದ ಆ ಇಂಗ್ಲಿಷಿನವರು ನಮ್ಮ ಹಳ್ಳಿ ಹಳ್ಳಿಗಳ ಸುಮಾರು 9000 ಶಾಸನಗಳನ್ನು ಕಲೆಹಾಕಿ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅಚ್ಚು ಹಾಕಿಸಿದರು. ಅವರು ನಿವೃತ್ತರಾಗಿ ಇಂಗ್ಲೆಂಡಿನಲ್ಲಿದ್ದ ವರ್ಷಗಳಲ್ಲಿಯೇ ಈ ಪಂಜಾಬಿನವನು ಅವರ ನಾಡಿನ ಮುಖಗಳನ್ನು ದಾಖಲಿಸುತ್ತಿದ್ದ. ಇಬ್ಬರ ಕೆಲಸದಲ್ಲಿ ಒಂದು ವ್ಯತ್ಯಾಸವಿದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಾನು ಅಚ್ಚು ತೆಗೆದ ವೀರಗಲ್ಲುಗಳಲ್ಲಿ, ತುರು ಹಿಂದಿರುಗಿಸಲು ಹೋಗಿ ಸತ್ತವನ ಹೆಸರು, ಅವನ ತಂದೆಯ ಹೆಸರು, ಕಾಳಗ ನಡೆದ ಊರು, ಎಲ್ಲವೂ ಇರುತ್ತವೆ. ಮುಖ ಮಾತ್ರ ಎಲ್ಲ ವೀರರದೂ ಒಂದೇ. ಇಲ್ಲಿಯ ಹೆಂಗಸಿಗೆ ಕಚ್ಚಿದ ತುಟಿಯವರೆಗೆ ಎಲ್ಲವೂ ಉಳಿದು ಹೆಸರೊಂದೇ ಹೋಗಿದೆ. ಯಾವುದು ಹೆಚ್ಚಿನ ನಷ್ಟ ಎಂದು ಕೇಳಿದರೆ, ವೃತ್ತಿಯ ಅಭ್ಯಾಸದಿಂದ ನಾನು ಹೆಸರಿನ ಪರವೇ ನಿಲ್ಲುತ್ತೇನೆ. ಆದರೆ ಆ ಮಧ್ಯಾಹ್ನ ಅಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ನನಗಿರಲಿಲ್ಲ.

ದುಲೀಪ್ ಸಿಂಗನ ಎಂಟು ಮಕ್ಕಳಲ್ಲಿ ಯಾರಿಗೂ ವಂಶ ಮುಂದುವರಿಯಲಿಲ್ಲ. ಬೇರೆಯವರ ವಂಶಾವಳಿಗಳನ್ನು ತಿದ್ದುತ್ತ ಕುಳಿತಿದ್ದ ಫ್ರೆಡರಿಕ್‌ಗೆ ಈ ಯೋಚನೆ ಬರದೆ ಇದ್ದಿರಲಾರದು.

ಹಿಂದಿರುಗುವ ರೈಲಿನಲ್ಲಿ ಅವನ ಕ್ರಮದಲ್ಲಿಯೇ ಒಂದು ಚಿತ್ರವನ್ನು ಬರೆದು ನೋಡೋಣವೆಂದು ಟಿಪ್ಪಣಿ ಪುಸ್ತಕ ತೆಗೆದೆ. ನಮ್ಮ ಊರಿನ ಮನೆಯ ಪಡಸಾಲೆಯಲ್ಲಿರುವ ಅಜ್ಜಿಯ ಫೋಟೋವನ್ನು ಆರಿಸಿಕೊಂಡೆ. ಪೂರ್ಣ ದೇಹ, ಕುರ್ಚಿಯ ಮೇಲೆ ಕುಳಿತದ್ದು, ಅಂಚಿನ ಸೀರೆ, ಮೂಗುಬಟ್ಟು ಎಂಬಲ್ಲಿಯವರೆಗೆ ಬರೆದೆ. ಮುಖ ಎಡಕ್ಕಿದೆಯೋ ಬಲಕ್ಕಿದೆಯೋ ಹೊಳೆಯಲಿಲ್ಲ. ಆ ಮನೆಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅವಳು ಎದ್ದು ಹೋಗಿ ದೀಪ ಹಾಕಿ ನೋಡಿ ಬಂದು ಹೇಳಿದಳು: “ಬಲಕ್ಕೆ ತಿರುಗಿದೆ ಕಣೋ. ಆದ್ರೆ ಅದು ಅಜ್ಜಿ ಅಲ್ವಲ್ಲೋ, ಅಜ್ಜಿಯ ಅಕ್ಕ. ಹೆಸರೇನೋ ಇತ್ತಪ್ಪ, ನಂಗೂ ನೆನಪಾಗ್ತಿಲ್ಲ.”