ಕೆಳಗಿನ ಸೆಟ್ಟಿಗೆ ಎರಡು ಸ್ಕ್ರೂ

ಪೂರ್ತಿ ಹಲ್ಲಿನ ಸೆಟ್ ಹಾಕಿಸಿಕೊಂಡವರ ದೂರು ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಒಂದೇ: "ಮ್ಯಾಲಿಂದು ಗಟ್ಟಿ ಕುಂದರತೈತ್ರಿ, ಕೆಳಗಿಂದು ರೊಟ್ಟಿ ಕಚ್ಚಿದ ಕೂಡ್ಲೇ ಎದ್ದ ಬರತೈತಿ." ಎಲ್ಲ ಸಲವೂ ಅದು ಸೆಟ್ ಮಾಡಿದವರ ತಪ್ಪಲ್ಲ. ಮೇಲಿನದು ಇಡೀ ಅಂಗುಳಕ್ಕೆ ಅಂಟಿ ಹಿಡಿಯುತ್ತದೆ. ಕೆಳಗಿನದಕ್ಕೆ ಸಿಗುವುದು ಲಾಳದಾಕಾರದ ಸಣ್ಣ ದಿಂಡು, ನಡುವೆ ಸುಮ್ಮನಿರದ ನಾಲಿಗೆ. ಸಾಲದ್ದಕ್ಕೆ ಹಲ್ಲು ಹೋದ ಮೇಲೆ ಕೆಳದವಡೆಯ ಎಲುಬು ಮೇಲಿನದಕ್ಕಿಂತ ಬೇಗ ಸವೆಯುತ್ತದೆ.

ಹಾಗಾಗಿ ಎಲುಬಿನೊಳಗೆ ಕೂರಿಸುವ ಸ್ಕ್ರೂಗೆ, ಅಂದರೆ ಇಂಪ್ಲಾಂಟಿಗೆಂದು ಇಟ್ಟ ರೊಕ್ಕ ಮೊದಲು ಕೆಳದವಡೆಗೆ ಹೋಗಲಿ. 2002ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದೂ ಇದನ್ನೇ: ಒಂದೂ ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್, ಅದರ ಮೇಲೆ ತೆಗೆದು ಹಾಕುವ ಸೆಟ್. ಬಿಪಿಎಲ್ ಹಿರಿಯರಿಗಾಗಿ ಇರುವ ದಂತಭಾಗ್ಯ ಯೋಜನೆ ಸಾದಾ ಸೆಟ್ಟಿನದು, ಅದರಲ್ಲಿ ಇಂಪ್ಲಾಂಟ್ ಹುಡುಕಬೇಡಿ.

ಇಂಪ್ಲಾಂಟ್ ಅಂದರೆ ಟೈಟಾನಿಯಂ ಸ್ಕ್ರೂ. ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಮಿ.ಮೀ. ದಪ್ಪ, 10ರಿಂದ 12 ಮಿ.ಮೀ. ಉದ್ದ. ಎರಡನ್ನೂ ಕೋರೆಹಲ್ಲುಗಳಿದ್ದ ಜಾಗದ ಆಸುಪಾಸಿನಲ್ಲಿ ಕೂರಿಸುತ್ತಾರೆ. ಅದಕ್ಕಿಂತ ಹಿಂದೆ ಗದ್ದದ ನರ ಎಲುಬಿನಿಂದ ಹೊರಬರುತ್ತದೆ. ಅದಕ್ಕೆ ಪೆಟ್ಟಾದರೆ ಕೆಳದುಟಿ ಜೋಮು ಹಿಡಿದಂತೆ ಉಳಿದುಬಿಡಬಹುದು. ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ಒಪಿಜಿ ಎಕ್ಸ್‌ರೇಯಲ್ಲಿ ಎಲುಬಿನ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಅದಕ್ಕೆ ಎಲುಬನ್ನು ಎಲ್ಲ ಕಡೆಯಿಂದ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಹಳೆಯ ಸೆಟ್ ಸವೆದು ಸಡಿಲವಾಗಿದ್ದರೆ ಮೊದಲು ಹೊಸ ಸೆಟ್ ಆಗಬೇಕು. ಹಲ್ಲು ಎಲ್ಲಿ ಬರುತ್ತದೆ ಎಂದು ಗೊತ್ತಾದ ಮೇಲಲ್ಲವೇ ಸ್ಕ್ರೂ ಎಲ್ಲಿ ಎನ್ನುವ ಮಾತು.

ಎಲುಬು ಸ್ಕ್ರೂವನ್ನು ಹಿಡಿದುಕೊಳ್ಳಲು ಕೆಳಗೆ ಎರಡು ಮೂರು ತಿಂಗಳು ಬೇಕು. ಆ ಕಾಲದಲ್ಲಿ ಕಟಕ್ ರೊಟ್ಟಿ ಬಂದ್, ನುಚ್ಚು ಮಜ್ಜಿಗೆ ಚಾಲೂ. ಆಮೇಲೆ ಸ್ಕ್ರೂಗಳ ಮೇಲೆ ಲೊಕೇಟರ್ ಎಂಬ ಗಿಡ್ಡ ಗುಬುಟು ಬರುತ್ತದೆ. ಸೆಟ್ಟಿನ ಒಳಗೆ ಸಣ್ಣ ಲೋಹದ ಟೊಪ್ಪಿಗೆ, ಅದರೊಳಗೆ ನೈಲಾನ್ ಬಿಲ್ಲೆ. ಅಂಗಿಯ ಟಿಚ್ ಬಟನ್ ಇದ್ದ ಹಾಗೆ.

ಕೆಲಸ ಕೆಡುವುದು ಹೆಚ್ಚಾಗಿ ಈ ಟೊಪ್ಪಿಗೆಯನ್ನು ಸೆಟ್ಟಿಗೆ ಕೂಡಿಸುವ ಐದು ಹತ್ತು ನಿಮಿಷದಲ್ಲಿ. ಗುಬುಟಿನ ಸುತ್ತ ಬಿಳಿ ರಬ್ಬರ್ ಉಂಗುರ ಹಾಕಿ ಕೆಳಸಂದು ಮುಚ್ಚಬೇಕು. ಮರೆತರೆ ಟೊಪ್ಪಿಗೆಯನ್ನು ಸೆಟ್ಟಿಗೆ ಅಂಟಿಸುವ ಅಕ್ರಿಲಿಕ್ ಪ್ಲಾಸ್ಟಿಕ್ ಅಲ್ಲಿಗೆ ಇಳಿದು ಗಟ್ಟಿಯಾಗಿ ಸೆಟ್ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ, ಕೊರೆದೇ ಬಿಡಿಸಬೇಕು. ಅಕ್ರಿಲಿಕ್ ಕಟ್ಟುವಾಗ ಪೇಶಂಟ್ ಬಲವಾಗಿ ಕಚ್ಚಿ ಹಿಡಿದರೂ ತೊಂದರೆಯೇ: ಒಸಡು ಅದುಮಿದ ಸ್ಥಿತಿಯಲ್ಲೇ ಟೊಪ್ಪಿಗೆ ಕೂತುಬಿಡುತ್ತದೆ, ಒಸಡು ಮೇಲೆ ಬಂದಾಗ ಸೆಟ್ ತೂಗಾಡುತ್ತದೆ, ನೈಲಾನ್ ಬೇಗ ಸವೆಯುತ್ತದೆ. ಹಗುರಾಗಿ ಹಲ್ಲು ಮುಟ್ಟಿಸಿದರೆ ಸಾಕು. ಕರಿ ಬಿಲ್ಲೆ ಈ ಕೆಲಸದ ಹೊತ್ತಿಗಷ್ಟೇ, ಆಮೇಲೆ ತೆಗೆದು ಬೇರೆಯದು ಹಾಕುತ್ತಾರೆ. ನೀಲಿ ಸಡಿಲ, ಗುಲಾಬಿ ಮಧ್ಯಮ, ಬಿಳಿ ಬಿಗಿ. ಕೈಬೆರಳಿಗೆ ಸಂಧಿವಾತ ಇದ್ದವರಿಗೆ ಬಿಳಿ ಹಾಕಿದರೆ ಸೆಟ್ ತೆಗೆಯಲು ಮಗನನ್ನು ಕರೆಯಬೇಕಾಗುತ್ತದೆ.

ಬಿಲ್ಲೆ ಸವೆಯುವ ಸಾಮಾನು, ಅನೇಕರಿಗೆ ವರ್ಷದೊಳಗೇ ಬದಲಿಸಬೇಕು. ಈ ಮಾತನ್ನು ಮೊದಲೇ ಹೇಳದಿರುವುದು ನಮ್ಮ ಕಸುಬಿನವರ ಕೆಟ್ಟ ಚಾಳಿ. ಇನ್ನೊಂದು, ಎರಡು ಸ್ಕ್ರೂ ಮುಂದಿನ ಭಾಗವನ್ನಷ್ಟೇ ಹಿಡಿಯುತ್ತವೆ, ಹಿಂದಿನ ಭಾರ ಒಸಡಿನ ಮೇಲೇ ಇರುತ್ತದೆ. ಅಲ್ಲಿ ಎಲುಬು ಸವೆದಂತೆ ಸೆಟ್ಟಿನ ಒಳಮೈಗೆ ಹೊಸ ಪದರ ಕೊಡಿಸಬೇಕು.

ಮೇಲ್ದವಡೆಯ ಎಲುಬು ಮೆತ್ತಗೆ, ಅಲ್ಲಿ ತೆಗೆದು ಹಾಕುವ ಸೆಟ್ಟಿಗೂ ಸಾಮಾನ್ಯವಾಗಿ ನಾಲ್ಕು ಬೇಕು. ಸ್ಕ್ರೂಗಳನ್ನು ಸರಳಿನಿಂದ ಜೋಡಿಸುವ ಬಾರ್ ಪದ್ಧತಿ ಗಟ್ಟಿಯೇ, ಆದರೆ ಅದಕ್ಕೆ ಎತ್ತರದಲ್ಲಿ ಹೆಚ್ಚು ಜಾಗ ಬೇಕು. ಜಾಗವಿಲ್ಲದಲ್ಲಿ ತುರುಕಿದರೆ ಅಕ್ರಿಲಿಕ್ ತೆಳ್ಳಗಾಗಿ ಸೆಟ್ ಸೀಳುತ್ತದೆ. ಬೋರ್ಡುಗಳಲ್ಲಿ ಕಾಣುವ ಆಲ್-ಆನ್-ಫೋರ್ ಅಂದರೆ ನಾಲ್ಕು ಸ್ಕ್ರೂ ಮೇಲೆ ಪೂರ್ತಿ ಸಾಲು ಹಲ್ಲು; ಅದರಲ್ಲಿ ಹಿಂದಿನ ಎರಡು ಸ್ಕ್ರೂ ಓರೆಯಾಗಿರುತ್ತವೆ, ಮೇಲೆ ಸೈನಸ್ಸನ್ನೂ (ಕೆನ್ನೆಯೊಳಗಿನ ಗಾಳಿಯ ಪೊಳ್ಳು) ಕೆಳಗೆ ನರವನ್ನೂ ತಪ್ಪಿಸಲು. ಹಲ್ಲು ಖಾಯಂ ಕೂತಿರುತ್ತದೆ, ಡಾಕ್ಟರೇ ಬಿಚ್ಚಬೇಕು. ಮೊದಲ ದಿನ ಕೊಡುವುದು ತಾತ್ಕಾಲಿಕ ಹಲ್ಲು, ಕೊನೆಯದು ತಿಂಗಳುಗಳ ನಂತರ. ಅದರ ಕೆಳಗೆ ದಿನಾ ದಾರ ತೂರಿಸಿ ತೊಳೆಯುವಷ್ಟು ಕೈ ಸ್ಥಿರವಿಲ್ಲದವರಿಗೆ ನಾವು ಅದನ್ನು ಹೇಳುವುದಿಲ್ಲ.

ಗುಟ್ಕಾ ತಿಂದವರು ಮೊದಲು ಬಾಯೊಳಗೆ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ನೋಡಿಕೊಳ್ಳಲಿ. ಹಿಡಿಸದಿದ್ದರೆ ಡ್ರಿಲ್ಲಿಗೂ ಜಾಗ ಕಷ್ಟ, ಆಗ ಬಾಯಿ ಬಿಗಿದದ್ದರ ತಪಾಸಣೆಯೇ ಮೊದಲು. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಕಾಯಬೇಕು. ಮೈಯ ಎಲುಬು ಸವೆತಕ್ಕೆ (ಆಸ್ಟಿಯೊಪೊರೋಸಿಸ್) ವರ್ಷಕ್ಕೊಂದು ಇಂಜೆಕ್ಷನ್ ತಗೊಂಡವರು ಅದನ್ನು ತಪ್ಪದೆ ಹೇಳಬೇಕು. ರಕ್ತ ತೆಳು ಮಾಡುವ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಮನೆಗೆ ಹೋದ ಮೇಲೆ ಮುಖ್ಯ ವೈರಿ ಶೇಂಗಾ ಚಟ್ನಿ. ಲೊಕೇಟರಿನ ನಡುವೆ ಸಣ್ಣ ಕುಳಿ ಇದೆ. ಅದರಲ್ಲಿ ಶೇಂಗಾ ಪುಡಿಯೋ ಎಳ್ಳೋ ತುಂಬಿಕೊಂಡರೆ ಸೆಟ್ ಪೂರ್ತಿ ಕೂರುವುದಿಲ್ಲ. ಆಗ ಜನ ಕಚ್ಚಿ ಕೂರಿಸಲು ನೋಡುತ್ತಾರೆ, ಬಿಲ್ಲೆ ಹರಿಯುತ್ತದೆ. ಊಟವಾದ ಮೇಲೆ ಮೆತ್ತನೆ ಬ್ರಶ್ಶಿನಿಂದ ಕುಳಿ ತಿಕ್ಕಿ, ಎರಡೂ ಹೆಬ್ಬೆರಳಿನಿಂದ ಒತ್ತಿ "ಟಕ್" ಎನ್ನುವವರೆಗೆ ಕೂರಿಸಿ. ಸೆಟ್ಟಿಗೆ ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತವೆ. ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ಸಾಕು. ರಾತ್ರಿ ನೀರಲ್ಲಿಡಿ. ಬಿಲ್ಲಿನ ಜೊತೆ ಇಂಪ್ಲಾಂಟಿನ ಕಂಪನಿ, ಅಳತೆ, ಲಾಟ್ ನಂಬರಿನ ಸ್ಟಿಕ್ಕರ್ ಕೇಳಿ ಇಸಿದುಕೊಳ್ಳಿ. ನಾಳೆ ಮಗಳ ಮನೆಗೆಂದು ಪುಣೆಗೆ ಹೋದಾಗ ಗುಬುಟು ಸಡಿಲಾದರೆ, ಅಲ್ಲಿಯ ಡಾಕ್ಟರಿಗೆ ಯಾವ ಸ್ಕ್ರೂಡ್ರೈವರ್ ಹಚ್ಚಬೇಕೆಂದು ಅದರಿಂದಲೇ ತಿಳಿಯಬೇಕು.